ಲೂರ್ ಮೊದಲು, ರೀಲ್ ಕೊನೆಗೆ: ಬೇಟ್‌ಕಾಸ್ಟಿಂಗ್ ಸಲಕರಣೆ ಆರಿಸಿಕೊಳ್ಳುವ ಬಗೆ

ಎರೆಹುಳು ಸಿಕ್ಕಿಸಿ, ಬೆಂಡು ಕಟ್ಟಿ, ಕೆರೆಯ ಏರಿಯ ಮೇಲೆ ಕುಳಿತು ಗಾಳ ಹಾಕುತ್ತಿದ್ದವರಲ್ಲಿ ಹಲವರು ಈಚೆಗೆ ರಬ್ಬರ್ ಕಪ್ಪೆ, ಲೋಹದ ಚಮಚ, ಪ್ಲಾಸ್ಟಿಕ್ ಮೀನಿನಂಥ ಕೃತಕ ಆಮಿಷಗಳ ಕಡೆಗೆ, ಅಂದರೆ ಲೂರ್‌ಗಳ ಕಡೆಗೆ ಹೊರಳಿದ್ದಾರೆ. ಹಿಂದೆ ವಿದೇಶದಿಂದ ಯಾರಾದರೂ ತಂದುಕೊಟ್ಟರಷ್ಟೇ ಕೈಗೆ ಸಿಗುತ್ತಿದ್ದ ಬೇಟ್‌ಕಾಸ್ಟಿಂಗ್ ರೀಲ್‌ಗಳು, ಅಂದರೆ ಲೂರ್ ಎಸೆಯಲು ದಾರ ಸುತ್ತಿಡುವ ಒಂದು ಬಗೆಯ ಸಾಧನಗಳು, ಈಗ ಆನ್‌ಲೈನ್ ಅಂಗಡಿಗಳಲ್ಲಿ ಎಲ್ಲ ಬೆಲೆಗೂ ಸಿಗುತ್ತಿವೆ. ಆದರೆ ಅವುಗಳ ವಿವರಣೆಯಲ್ಲಿ ಬರೆದಿರುವ ‘7.2:1, 8 ಕೆಜಿ ಡ್ರ್ಯಾಗ್, ಎಂಎಚ್ ಫಾಸ್ಟ್, 7–21 ಗ್ರಾಂ’ ಎಂಬ ಅಂಕಿಗಳನ್ನು ಬಿಡಿಸಿ ಹೇಳುವವರು ಇಲ್ಲದೆ, ಅನೇಕರು ನೋಡಲು ಚೆನ್ನಾಗಿರುವ ರೀಲನ್ನು ಮೊದಲು ಕೊಂಡು, ಅದಕ್ಕೆ ಕೈಗೆ ಸಿಕ್ಕಿದ ರಾಡನ್ನು, ಅಂದರೆ ಗಾಳದ ಕೋಲನ್ನು ಜೋಡಿಸಿ, ಕೊನೆಗೆ ಲೂರ್ ಹುಡುಕುತ್ತಾರೆ. ಈ ಕ್ರಮವನ್ನು ತಲೆಕೆಳಗು ಮಾಡಿದರೆ ಆಯ್ಕೆ ಸುಲಭವಾಗುತ್ತದೆ. ಯಾವ ಲೂರ್ ಎಸೆಯಬೇಕು ಎಂಬುದನ್ನು ಮೊದಲು ನಿರ್ಧರಿಸಿಕೊಂಡರೆ ಅದರ ತೂಕವೂ ಕೊಕ್ಕೆಯೂ ರಾಡನ್ನು ಸೂಚಿಸುತ್ತವೆ, ಅದನ್ನು ನೀರಿನಲ್ಲಿ ಆಡಿಸುವ ರೀತಿ ರೀಲನ್ನು ಸೂಚಿಸುತ್ತದೆ.

ತಿರುಗುವ ಸುರುಳಿ, ತಿರುಗದ ಸುರುಳಿ

ಮೀನುಗಾರಿಕೆಯ ರೀಲ್‌ಗಳಲ್ಲಿ ಎರಡು ಮುಖ್ಯ ಬಗೆಗಳಿವೆ. ಸ್ಪಿನ್ನಿಂಗ್ ರೀಲ್ ರಾಡಿನ ಕೆಳಗೆ ತೂಗುತ್ತದೆ, ಮತ್ತು ಎಸೆಯುವಾಗ ಅದರ ಸುರುಳಿ, ಅಂದರೆ ಸ್ಪೂಲ್, ತಿರುಗುವುದಿಲ್ಲ. ದಾರ ಅದರ ಅಂಚಿನಿಂದ ಉಂಗುರ ಉಂಗುರವಾಗಿ ಜಾರಿ ಹೋಗುತ್ತದೆ. ಬೇಟ್‌ಕಾಸ್ಟಿಂಗ್ ರೀಲ್ ರಾಡಿನ ಮೇಲೆ ಕೂರುತ್ತದೆ. ಅದರ ಸ್ಪೂಲ್ ರಾಡಿಗೆ ಅಡ್ಡವಾಗಿದ್ದು, ಹಾರುವ ಲೂರ್ ದಾರವನ್ನು ಎಳೆದಂತೆಲ್ಲ ತಾನೂ ಗಿರಗಿರನೆ ತಿರುಗುತ್ತದೆ. ಇದರ ಗುಣಗಳೂ ತೊಂದರೆಗಳೂ ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತವೆ. ದಾರ ನೇರವಾಗಿ ಹೋಗಿ ನೇರವಾಗಿ ಬರುವುದರಿಂದ ದಪ್ಪ ದಾರವನ್ನು ಬಳಸಬಹುದು, ಭಾರವಾದ ಮೀನನ್ನು ಬಲವಾಗಿ ಎಳೆಯಬಹುದು, ಮತ್ತು ಹೆಬ್ಬೆರಳನ್ನು ಸ್ಪೂಲಿನ ಮೇಲೆ ಮೃದುವಾಗಿ ಒತ್ತಿ, ಹಾರುತ್ತಿರುವ ಲೂರನ್ನು ಬೇಕಾದ ಗುರಿಯಲ್ಲೇ ಇಳಿಸಬಹುದು. ಆದರೆ ಸ್ಪೂಲನ್ನು ತಿರುಗಿಸುವಷ್ಟು ತೂಕ ಲೂರಿಗೆ ಇರಲೇಬೇಕು.

ಈ ಬಗೆಯ ರೀಲಿನ ಮೂಲ ಅಮೆರಿಕದ ಕೆಂಟಕಿ ರಾಜ್ಯದಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಪ್ಯಾರಿಸ್ ಎಂಬ ಊರಿನ ಗಡಿಯಾರ ತಯಾರಕ ಜಾರ್ಜ್ ಸ್ನೈಡರ್, ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಸ್ಪೂಲ್ ಹಲವು ಸುತ್ತು ತಿರುಗುವಂತೆ ಹಲ್ಲುಚಕ್ರಗಳನ್ನು ಜೋಡಿಸಿದ. ಬ್ಲ್ಯಾಕ್ ಬ್ಯಾಸ್ ಎಂಬ ಮೀನನ್ನು ಹಿಡಿಯಲು ಈ ರೀಲ್ ಬಳಕೆಗೆ ಬಂತು. 1890ರ ದಶಕದಲ್ಲಿ ಮಿಷಿಗನ್‌ನ ಕ್ಯಾಲಮಜೂ ಪಟ್ಟಣದ ವಿಲಿಯಂ ಶೇಕ್ಸ್‌ಪಿಯರ್ ಜೂನಿಯರ್, ದಾರವನ್ನು ಸ್ಪೂಲಿನ ಅಗಲಕ್ಕೂ ಸಮನಾಗಿ ಹರಡುವ ‘ಲೆವೆಲ್ ವೈಂಡ್’ ವ್ಯವಸ್ಥೆಯನ್ನು ರೂಪಿಸಿದ. ಇಂದಿನ ರೀಲಿನ ಮುಂಭಾಗದಲ್ಲಿ ಎಡಕ್ಕೂ ಬಲಕ್ಕೂ ಓಡಾಡುವ ಪುಟ್ಟ ಕಿಂಡಿ ಅದೇ. ಗಡಿಯಾರದ ಕಾರ್ಖಾನೆಯಾಗಿ 1921ರಲ್ಲಿ ಶುರುವಾದ ಸ್ವೀಡನ್ನಿನ ಆಬು ಸಂಸ್ಥೆ 1950ರ ದಶಕದಲ್ಲಿ ಅಂಬಾಸಡರ್ ರೀಲನ್ನು ಹೊರತಂದಿತು. ಎಸೆತವನ್ನು ಹತೋಟಿಯಲ್ಲಿಡುವ ಕೆಲಸ ಪೂರ್ತಿಯಾಗಿ ಹೆಬ್ಬೆರಳಿನ ಮೇಲೆ ಬೀಳದಂತೆ ಅದರೊಳಗೆ ಬ್ರೇಕ್ ಅಳವಡಿಸಲಾಗಿತ್ತು.

ದಾರ ಸಿಕ್ಕಾಗುವುದು ಏಕೆ

ಹೊಸಬರನ್ನು ಕಂಗೆಡಿಸುವ ಸಂಗತಿ ಬ್ಯಾಕ್‌ಲ್ಯಾಶ್, ಅಂದರೆ ಎಸೆದ ಕೂಡಲೇ ಸ್ಪೂಲಿನ ಮೇಲೆ ದಾರ ಗೂಡುಗಟ್ಟಿ ಸಿಕ್ಕಾಗುವುದು. ಹಗ್ಗ ಸುತ್ತಿದ ಬಾವಿಯ ರಾಟೆಯನ್ನು ನೆನಪಿಸಿಕೊಳ್ಳಿ. ಕೊಡವನ್ನು ಸಲೀಸಾಗಿ ಕೆಳಗೆ ಬಿಟ್ಟರೆ ರಾಟೆ ವೇಗವಾಗಿ ತಿರುಗುತ್ತದೆ; ಕೊಡ ನೀರಿಗೆ ತಾಗಿ ನಿಂತ ಮೇಲೂ ರಾಟೆ ತನ್ನ ವೇಗದಲ್ಲೇ ತಿರುಗುತ್ತಿದ್ದರೆ ಹಗ್ಗ ಸಡಿಲವಾಗಿ ಉಬ್ಬಿ, ಸುತ್ತು ತಪ್ಪಿ ಬೀಳುತ್ತದೆ. ಅನುಭವವಿದ್ದವರು ಆ ಹೊತ್ತಿಗೆ ಅಂಗೈಯನ್ನು ರಾಟೆಗೆ ಒತ್ತಿ ಹಿಡಿಯುತ್ತಾರೆ. ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ಹೆಬ್ಬೆರಳು ಮಾಡುವ ಕೆಲಸವೂ ಅದೇ.

ವೇಗ ಎಷ್ಟಿರುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. 34 ಮಿಲಿಮೀಟರ್ ವ್ಯಾಸದ ಸ್ಪೂಲಿನ ಸುತ್ತಳತೆ ಸುಮಾರು 107 ಮಿಲಿಮೀಟರ್. ಲೂರ್ ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಹೊರಟರೆ ಆ ಸ್ಪೂಲ್ ಸೆಕೆಂಡಿಗೆ 230ಕ್ಕೂ ಹೆಚ್ಚು ಸುತ್ತು ತಿರುಗಬೇಕಾಗುತ್ತದೆ. ಇತ್ತ ಗಾಳಿಯ ತಡೆಯಿಂದ ಲೂರಿನ ವೇಗ ಹೊರಟ ಮರುಕ್ಷಣದಿಂದಲೇ ಇಳಿಯತೊಡಗುತ್ತದೆ, ಆದರೆ ಸ್ಪೂಲ್ ತಾನಾಗಿ ನಿಧಾನವಾಗುವುದಿಲ್ಲ. ಈ ಅಂತರವನ್ನು ತುಂಬುವುದಕ್ಕೆ ರೀಲಿನಲ್ಲಿ ಎರಡು ಏರ್ಪಾಡುಗಳಿವೆ.

ಮೊದಲನೆಯದು ಸ್ಪೂಲ್ ಟೆನ್ಷನ್ ತಿರುಪು. ಇದು ಹಿಡಿಯ ಪಕ್ಕದಲ್ಲಿರುವ ಸಣ್ಣ ಗುಂಡಿ. ಇದನ್ನು ಬಿಗಿಗೊಳಿಸಿದಷ್ಟೂ ಸ್ಪೂಲಿನ ಅಚ್ಚಿನ ತುದಿಯ ಮೇಲೆ ಒತ್ತಡ ಹೆಚ್ಚುತ್ತದೆ. ಎರಡನೆಯದು ಹಿಡಿಯ ಎದುರು ಬದಿಯಲ್ಲಿರುವ ಬ್ರೇಕ್. ಕೇಂದ್ರಾಪಗಾಮಿ ಬ್ರೇಕಿನಲ್ಲಿ ಸ್ಪೂಲಿಗೆ ಜೋಡಿಸಿದ ಪುಟ್ಟ ಗುಬುಟುಗಳು ತಿರುಗುವ ರಭಸಕ್ಕೆ ಹೊರಚಾಚಿ ಸುತ್ತಲಿನ ಬಳೆಗೆ ಉಜ್ಜುತ್ತವೆ. ಅವು ಒತ್ತುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಎಸೆತದ ಆರಂಭದಲ್ಲಿ ಬಲವಾಗಿ ಹಿಡಿದು, ಕೊನೆಯಲ್ಲಿ ಸ್ಪೂಲನ್ನು ಬಹುಮಟ್ಟಿಗೆ ಸ್ವತಂತ್ರವಾಗಿ ಬಿಡುತ್ತವೆ. ಅಯಸ್ಕಾಂತದ ಬ್ರೇಕಿನಲ್ಲಿ ಯಾವುದೂ ಯಾವುದಕ್ಕೂ ತಾಗುವುದಿಲ್ಲ. ಅಯಸ್ಕಾಂತಗಳ ಎದುರು ಅಲ್ಯೂಮಿನಿಯಂ ಸ್ಪೂಲ್ ತಿರುಗುವಾಗ ಅದರಲ್ಲಿ ಹುಟ್ಟುವ ಸುಳಿವಿದ್ಯುತ್ತೇ ಅದರ ವೇಗವನ್ನು ತಡೆಯುತ್ತದೆ. ಹೊರಗಿನ ಡಯಲ್ ತಿರುಗಿಸಿ ಸುಲಭವಾಗಿ ಬದಲಿಸಬಹುದಾದ್ದರಿಂದ ಕಲಿಯುವವರಿಗೆ ಅಯಸ್ಕಾಂತದ ಬ್ರೇಕ್ ಹೆಚ್ಚು ಅನುಕೂಲ ಎಂಬುದು ನನ್ನ ಅಭಿಪ್ರಾಯ. ಎರಡೂ ಇರುವ ರೀಲ್‌ಗಳಿವೆ. ಕಂಪ್ಯೂಟರ್ ಚಿಪ್ ಮೂಲಕ ಬ್ರೇಕನ್ನು ನಿಯಂತ್ರಿಸುವ, ಶಿಮಾನೊ ಸಂಸ್ಥೆಯ ಡಿಸಿ ಮಾದರಿಯಂಥ ದುಬಾರಿ ರೀಲ್‌ಗಳೂ ಇವೆ.

ಲೂರ್ ಬದಲಿಸಿದಾಗಲೆಲ್ಲ ಈ ಹೊಂದಿಕೆಯನ್ನು ಹೊಸದಾಗಿ ಮಾಡಬೇಕು. ರಾಡನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು, ಲೂರ್ ತುದಿಯಿಂದ ಒಂದು ಗೇಣು ಕೆಳಗೆ ತೂಗುವಂತೆ ಬಿಟ್ಟು, ಹೆಬ್ಬೆರಳಿನ ಪಟ್ಟಿಯನ್ನು ಒತ್ತಿ ಸ್ಪೂಲನ್ನು ಬಿಡಿಸಿ. ಲೂರ್ ಧಡಕ್ಕನೆ ಬಿದ್ದರೆ ತಿರುಪು ಸಡಿಲವಾಗಿದೆ, ಇಳಿಯದೆ ಅಲ್ಲೇ ನಿಂತರೆ ಬಿಗಿಯಾಗಿದೆ. ನಿಧಾನವಾಗಿ ಇಳಿದು, ನೆಲ ಮುಟ್ಟಿದ ಕ್ಷಣವೇ ಸ್ಪೂಲ್ ನಿಂತರೆ ಹೊಂದಿಕೆ ಸರಿಯಾಗಿದೆ ಎಂದರ್ಥ. ಬ್ರೇಕಿನ ಡಯಲ್ 10ರವರೆಗೆ ಇದ್ದರೆ ಮೊದಲು 8ರಲ್ಲಿಟ್ಟು, ಕೈ ಪಳಗಿದಂತೆ ಒಂದೊಂದೇ ಅಂಕಿ ಇಳಿಸುತ್ತ ಬರುವುದು ಒಳ್ಳೆಯದು. ಎದುರುಗಾಳಿ ಇದ್ದರೆ ಒಂದೆರಡು ಅಂಕಿ ಏರಿಸಬೇಕು.

ಇಷ್ಟಾದ ಮೇಲೂ ಸಿಕ್ಕಾದರೆ ದಾರವನ್ನು ಕತ್ತರಿಸುವ ಅವಸರ ಬೇಡ. ಸಿಕ್ಕಿನ ಮೇಲೆ ಹೆಬ್ಬೆರಳನ್ನು ಗಟ್ಟಿಯಾಗಿ ಒತ್ತಿ ಹಿಡಿದು, ಹಿಡಿಯನ್ನು ನಾಲ್ಕೈದು ಸುತ್ತು ತಿರುಗಿಸಿ. ಮೇಲೆ ಉಬ್ಬಿರುವ ಕುಣಿಕೆಗಳು ಚಪ್ಪಟೆಯಾಗಿ ಕೂರುತ್ತವೆ. ಆಮೇಲೆ ಸ್ಪೂಲನ್ನು ಬಿಡಿಸಿ ದಾರವನ್ನು ಮೆಲ್ಲಗೆ ಹೊರಗೆಳೆಯಿರಿ. ಎಲ್ಲಾದರೂ ತಡೆದರೆ ಮತ್ತೆ ಒತ್ತಿ, ಮತ್ತೆ ತಿರುಗಿಸಿ, ಮತ್ತೆ ಎಳೆಯಿರಿ. ಉಗುರಿನಿಂದ ಕೆದಕಿ ಬಿಡಿಸುವುದಕ್ಕಿಂತ ಇದು ಬೇಗ ಆಗುತ್ತದೆ, ದಾರಕ್ಕೂ ಪೆಟ್ಟಾಗುವುದಿಲ್ಲ.

ಎಲ್ಲಕ್ಕೂ ಮೊದಲು ಲೂರಿನ ತೂಕ

ಲೂರಿನ ಪೊಟ್ಟಣದ ಮೇಲೆ ತೂಕ ಗ್ರಾಂ ಅಥವಾ ಔನ್ಸ್‌ನಲ್ಲಿ ಇರುತ್ತದೆ. ಒಂದು ಔನ್ಸ್ ಅಂದರೆ 28 ಗ್ರಾಂಗಿಂತ ತುಸು ಹೆಚ್ಚು. ಆದ್ದರಿಂದ ಕಾಲು ಔನ್ಸ್ ಸುಮಾರು 7 ಗ್ರಾಂ, ಅರ್ಧ ಔನ್ಸ್ ಸುಮಾರು 14 ಗ್ರಾಂ, ಮುಕ್ಕಾಲು ಔನ್ಸ್ ಸುಮಾರು 21 ಗ್ರಾಂ. ಸಾಮಾನ್ಯ ಬೇಟ್‌ಕಾಸ್ಟಿಂಗ್ ರೀಲ್ 10ರಿಂದ 20 ಗ್ರಾಂ ತೂಕದ ಲೂರ್‌ಗಳನ್ನು ನಿರಾಯಾಸವಾಗಿ ಎಸೆಯುತ್ತದೆ. 7 ಗ್ರಾಂಗಿಂತ ಕೆಳಗಿಳಿದರೆ ಸ್ಪೂಲನ್ನು ಎಳೆದು ತಿರುಗಿಸುವ ಬಲ ಲೂರಿಗೆ ಸಾಲದೆ ಎಸೆತ ಗಿಡ್ಡವಾಗುತ್ತದೆ, ಇಲ್ಲವೇ ಸಿಕ್ಕಾಗುತ್ತದೆ.

ಇದರಲ್ಲಿ ದಾರದ ಪಾಲೂ ಇದೆ. 12 ಪೌಂಡ್ ಬಲದ ನೈಲಾನ್ ದಾರ 100 ಮೀಟರಿನಷ್ಟಿದ್ದರೆ ಅದರ ತೂಕವೇ ಸುಮಾರು 10 ಗ್ರಾಂ ಆಗುತ್ತದೆ. 5 ಗ್ರಾಂ ಲೂರ್ ತನಗಿಂತ ಎರಡು ಪಟ್ಟು ತೂಗುವ ದಾರವನ್ನೂ ಅದರ ಜತೆಗೆ ಲೋಹದ ಸ್ಪೂಲನ್ನೂ ತಿರುಗಿಸಬೇಕಾಗುತ್ತದೆ. ಹಗುರ ಲೂರ್‌ಗಳಿಗಾಗಿಯೇ ಜಪಾನಿನಲ್ಲಿ ಬೆಳೆದುಬಂದ ‘ಬೇಟ್ ಫಿನೆಸ್’ ಎಂಬ ಬಗೆಯ ರೀಲ್‌ಗಳಲ್ಲಿ ಸ್ಪೂಲ್ ಚಿಕ್ಕದು, ಆಳ ಕಡಿಮೆ, ತೂಕವೂ 10 ಗ್ರಾಂಗಿಂತ ಕಡಿಮೆ. ದಾರವನ್ನೂ 40–50 ಮೀಟರ್ ಮಾತ್ರ ಸುತ್ತುತ್ತಾರೆ. ಇವು 2ರಿಂದ 7 ಗ್ರಾಂ ಲೂರ್‌ಗಳಿಗೆ ಹೇಳಿ ಮಾಡಿಸಿದ ಸಾಧನಗಳು. ಆದರೆ ಮೊದಲ ರೀಲ್ ಕೊಳ್ಳುತ್ತಿರುವವರು ಅಷ್ಟು ಹಗುರ ಲೂರ್‌ಗಳಿಗೆ ಒಂದು ಸ್ಪಿನ್ನಿಂಗ್ ರೀಲನ್ನೇ ಇಟ್ಟುಕೊಳ್ಳುವುದು ಕಡಿಮೆ ಖರ್ಚಿನ ದಾರಿ.

ರಾಡಿನ ಮೇಲಿನ ಎರಡು ಮಾತು: ಪವರ್ ಮತ್ತು ಆ್ಯಕ್ಷನ್

ಇವೆರಡನ್ನೂ ಒಂದೇ ಎಂದು ಭಾವಿಸುವವರೇ ಹೆಚ್ಚು. ಪವರ್ ಎಂದರೆ ರಾಡನ್ನು ಬಗ್ಗಿಸಲು ಎಷ್ಟು ಬಲ ಬೇಕು ಎಂಬುದು. ಲೈಟ್, ಮೀಡಿಯಂ ಲೈಟ್, ಮೀಡಿಯಂ, ಮೀಡಿಯಂ ಹೆವಿ, ಹೆವಿ ಎಂದು ಇದನ್ನು ಗುರುತಿಸಿ, ಎಲ್, ಎಂಎಲ್, ಎಂ, ಎಂಎಚ್, ಎಚ್ ಎಂದು ಚುಟುಕಾಗಿ ರಾಡಿನ ಬುಡದಲ್ಲಿ ಮುದ್ರಿಸುತ್ತಾರೆ. ಆ್ಯಕ್ಷನ್ ಎಂದರೆ ರಾಡು ಎಲ್ಲಿಂದ ಬಗ್ಗುತ್ತದೆ ಎಂಬುದು. ತುದಿಯ ಭಾಗ ಮಾತ್ರ ಬಗ್ಗಿದರೆ ಫಾಸ್ಟ್, ನಡುವಿನವರೆಗೂ ಬಿಲ್ಲಿನಂತೆ ಬಾಗಿದರೆ ಮಾಡರೇಟ್, ಎರಡರ ನಡುವೆ ಇದ್ದರೆ ಮಾಡರೇಟ್ ಫಾಸ್ಟ್. ಗಡುಸಾದ ಹೆವಿ ರಾಡು ಮಾಡರೇಟ್ ಆಗಿಯೂ ಇರಬಹುದು, ಮೆದುವಾದ ಲೈಟ್ ರಾಡು ಫಾಸ್ಟ್ ಆಗಿಯೂ ಇರಬಹುದು.

ತೊಡಕೇನೆಂದರೆ ಈ ಹೆಸರುಗಳಿಗೆ ಎಲ್ಲ ತಯಾರಕರೂ ಒಪ್ಪಿದ ಅಳತೆ ಇಲ್ಲ. ಒಬ್ಬರ ಮೀಡಿಯಂ ಇನ್ನೊಬ್ಬರ ಮೀಡಿಯಂ ಹೆವಿಯಷ್ಟೇ ಗಡುಸಾಗಿರಬಹುದು. ಆದ್ದರಿಂದ ಅದರ ಪಕ್ಕದಲ್ಲೇ ಮುದ್ರಿಸಿರುವ ಲೂರಿನ ತೂಕದ ಮಿತಿಯನ್ನು, ಉದಾಹರಣೆಗೆ 7–21 ಗ್ರಾಂ ಎಂಬುದನ್ನು, ಹೆಚ್ಚು ನಂಬಬೇಕು. ರಾಡು ಹಿಂದಕ್ಕೆ ಬಾಗಿ, ಮತ್ತೆ ನೆಟ್ಟಗಾಗುವ ಚಿಮ್ಮುಗೆಯಿಂದಲೇ ಲೂರ್ ಹಾರುತ್ತದೆ. ಮಿತಿಗಿಂತ ಹಗುರವಾದ ಲೂರ್ ರಾಡನ್ನು ಬಾಗಿಸದು, ಮಿತಿ ಮೀರಿದ ಲೂರ್ ಅದನ್ನು ಮುರಿಯಲೂಬಹುದು. ಮಿತಿಯ ನಡುಭಾಗದಲ್ಲಿ ಬರುವ ತೂಕಕ್ಕೆ ರಾಡು ಚೆನ್ನಾಗಿ ಒದಗುತ್ತದೆ. ಹೆಚ್ಚಾಗಿ 12 ಗ್ರಾಂ ಲೂರ್‌ಗಳನ್ನು ಬಳಸುವವರು 7–21 ಗ್ರಾಂ ರಾಡನ್ನು ಕೊಂಡರೆ ಸರಿ. 14–42 ಗ್ರಾಂ ರಾಡನ್ನು ಕೊಂಡರೆ ಅದು ಅವರ ಕೈಯಲ್ಲಿ ಬರೀ ಕೋಲಾಗುತ್ತದೆ.

ಬೇಟ್‌ಕಾಸ್ಟಿಂಗ್ ರಾಡನ್ನು ಗುರುತಿಸುವುದು ಸುಲಭ. ರೀಲ್ ಕೂರುವ ಜಾಗದ ಕೆಳಗೆ ತೋರುಬೆರಳಿಗೆ ಒಂದು ಕೊಕ್ಕು ಇರುತ್ತದೆ, ದಾರದ ಬಳೆಗಳು ಮೇಲ್ಮುಖವಾಗಿ ಸಣ್ಣ ಸಣ್ಣದಾಗಿ ಇರುತ್ತವೆ. ಸ್ಪಿನ್ನಿಂಗ್ ರಾಡಿಗೆ ಈ ರೀಲನ್ನು ಕಟ್ಟುವುದು ಸಲ್ಲದು.

ಗೇರ್ ಅನುಪಾತ

6.3:1 ಎಂದರೆ ಹಿಡಿಯನ್ನು ಒಂದು ಸುತ್ತು ತಿರುಗಿಸಿದಾಗ ಸ್ಪೂಲ್ 6.3 ಸುತ್ತು ತಿರುಗುತ್ತದೆ ಎಂದರ್ಥ. ಮೇಲೆ ಹೇಳಿದ 34 ಮಿಲಿಮೀಟರ್ ಸ್ಪೂಲ್ ತುಂಬ ದಾರವಿದ್ದರೆ 5.4:1 ರೀಲ್ ಒಂದು ಸುತ್ತಿಗೆ ಸುಮಾರು 58 ಸೆಂಟಿಮೀಟರ್ ದಾರವನ್ನು ಎಳೆದುಕೊಳ್ಳುತ್ತದೆ, 6.3:1 ಸುಮಾರು 67, 8.1:1 ಸುಮಾರು 86. ದೂರಕ್ಕೆ ಎಸೆದು ದಾರ ಕಡಿಮೆಯಾದಾಗ ಸ್ಪೂಲಿನ ಸುತ್ತಳತೆಯೂ ಕುಗ್ಗುವುದರಿಂದ ಈ ಲೆಕ್ಕ ಇಳಿಯುತ್ತದೆ.

ವೇಗ ಹೆಚ್ಚಿದ್ದರೆ ಒಳ್ಳೆಯದಲ್ಲವೇ ಎಂದು ಕೇಳಬಹುದು. ವೇಗ ಹೆಚ್ಚಿದಂತೆ ಹಿಡಿಯನ್ನು ತಿರುಗಿಸಲು ಬೇಕಾದ ಬಲವೂ ಹೆಚ್ಚುತ್ತದೆ. ನೀರನ್ನು ಬಲವಾಗಿ ಅಗೆಯುತ್ತ ಬರುವ ಲೂರನ್ನು ದಿನವಿಡೀ 8:1 ರೀಲಿನಲ್ಲಿ ಎಳೆದರೆ ಮಣಿಕಟ್ಟು ಸೋತುಹೋಗುತ್ತದೆ, ಲೂರ್ ಕೂಡ ಬೇಕಾದ್ದಕ್ಕಿಂತ ಬೇಗ ಓಡುತ್ತದೆ. ಇಲ್ಲಿ ನೆನಪಿಡಬೇಕಾದ ಸೂತ್ರ ಒಂದೇ. ಲೂರನ್ನು ಚಲಿಸುವ ಕೆಲಸ ರೀಲಿನದಾಗಿದ್ದರೆ ಕಡಿಮೆ ಅಥವಾ ನಡುವಿನ ಅನುಪಾತ ಬೇಕು. ಲೂರನ್ನು ಆಡಿಸುವುದು ರಾಡಿನ ತುದಿಯಾಗಿದ್ದು, ಸಡಿಲ ದಾರವನ್ನು ಬಾಚಿಕೊಳ್ಳುವುದಷ್ಟೇ ರೀಲಿನ ಕೆಲಸವಾಗಿದ್ದರೆ ಹೆಚ್ಚಿನ ಅನುಪಾತ ಬೇಕು.

ಕಪ್ಪೆ ಲೂರ್ ಮತ್ತು ಕೊರವ ಮೀನು

ದಕ್ಷಿಣ ಭಾರತದಲ್ಲಿ ಬೇಟ್‌ಕಾಸ್ಟಿಂಗ್ ಸಾಧನದ ಅಗತ್ಯ ಎದ್ದು ಕಾಣುವುದು ಇಲ್ಲಿ. ಕೊರವ, ಕುಚ್ಚು, ಮುರೆಲ್ ಎಂದೆಲ್ಲ ಕರೆಸಿಕೊಳ್ಳುವ ಮೀನು ಜೊಂಡು, ತಾವರೆ, ಅಂತರಗಂಗೆ ತುಂಬಿದ ಕೆರೆಗಳಲ್ಲಿ ವಾಸಿಸುತ್ತದೆ. ನೇರವಾಗಿ ಗಾಳಿಯನ್ನು ಉಸಿರಾಡಬಲ್ಲದ್ದರಿಂದ ಆಗಾಗ ಮೇಲಕ್ಕೆ ಬರುತ್ತದೆ, ಎಲೆಗಳ ನಡುವೆ ಹಾರುವ ಕಪ್ಪೆಯ ಮೇಲೆ ಎರಗುತ್ತದೆ. ಒಳಗೆ ಟೊಳ್ಳಾದ ಮೃದು ರಬ್ಬರ್ ಕಪ್ಪೆಯಲ್ಲಿ ಜೋಡಿ ಕೊಕ್ಕೆಗಳು ಮೇಲ್ಮುಖವಾಗಿ, ಬೆನ್ನಿಗೆ ಅಂಟಿಕೊಂಡು ಇರುತ್ತವೆ. ಹಾಗಾಗಿ ಅದು ಎಲೆಗಳ ಮೇಲೆ ಸಿಕ್ಕಿಕೊಳ್ಳದೆ ಜಾರಿ ಬರುತ್ತದೆ. ಮೀನು ಕಚ್ಚಿದಾಗ ಮಾತ್ರ ರಬ್ಬರ್ ಅದುಮಿ ಕೊಕ್ಕೆಗಳು ಹೊರಬರುತ್ತವೆ.

ಈ ರಚನೆಯೇ ಉಳಿದೆಲ್ಲವನ್ನೂ ತೀರ್ಮಾನಿಸುತ್ತದೆ. ಕೊಕ್ಕೆ ದಪ್ಪ, ಮೀನಿನ ಬಾಯಿ ಎಲುಬಿನಂತೆ ಗಟ್ಟಿ, ನಡುವೆ ರಬ್ಬರ್ ಬೇರೆ. ಕೊಕ್ಕೆ ನಾಟಬೇಕಾದರೆ ಜೋರಾಗಿ ಸೆಳೆಯಬೇಕು, ಆ ಸೆಳೆತ ಪೂರ್ತಿಯಾಗಿ ಕೊಕ್ಕೆಗೆ ಮುಟ್ಟಬೇಕು. ನೈಲಾನ್ ದಾರ ಎಳೆದಾಗ ಹಿಗ್ಗುತ್ತದೆ. 30 ಮೀಟರ್ ದೂರದಲ್ಲಿ ಶೇಕಡ 5ರಷ್ಟು ಹಿಗ್ಗಿದರೂ ಒಂದೂವರೆ ಮೀಟರ್ ಸೆಳೆತ ದಾರದಲ್ಲೇ ಕರಗಿಹೋಯಿತು. ಆದ್ದರಿಂದ ಇಲ್ಲಿ ಬಹುತೇಕ ಹಿಗ್ಗದ ಹೆಣೆದ ದಾರವನ್ನೇ, ಅಂದರೆ ಬ್ರೇಡನ್ನೇ ಬಳಸಬೇಕು, ಅದೂ 40ರಿಂದ 50 ಪೌಂಡ್ ಬಲದ್ದು. ಮೀನು ಅಷ್ಟು ಭಾರವಿಲ್ಲದಿದ್ದರೂ ಅದರೊಂದಿಗೆ ಸುತ್ತಿಕೊಂಡು ಬರುವ ಕಳೆಯ ರಾಶಿ ಕೆಲವು ಕಿಲೋ ತೂಗಬಲ್ಲದು.

ರಾಡು ಮೀಡಿಯಂ ಹೆವಿ ಅಥವಾ ಹೆವಿ, ಆ್ಯಕ್ಷನ್ ಫಾಸ್ಟ್. ತುದಿ ಮಾತ್ರ ತುಸು ಬಗ್ಗಿದರೆ ಕಪ್ಪೆಯನ್ನು ಎಡಕ್ಕೂ ಬಲಕ್ಕೂ ಕುಣಿಸಲು ಅನುಕೂಲ. ಅದರ ಕೆಳಗಿನ ಗಡುಸು ಭಾಗ ಮೀನಿನ ತಲೆಯನ್ನು ಮೇಲೆತ್ತುತ್ತದೆ. ಅಮೆರಿಕದಲ್ಲಿ ದೋಣಿಯಿಂದ ಬ್ಯಾಸ್ ಹಿಡಿಯುವವರು ಈ ಕೆಲಸಕ್ಕೆ 7 ಅಡಿಗಿಂತ ಉದ್ದದ ರಾಡನ್ನು ಮೆಚ್ಚುತ್ತಾರೆ. ಪೊದೆಗಳ ನಡುವೆ, ಕೆರೆಯ ದಂಡೆಯಲ್ಲಿ ನಿಂತು ಎಸೆಯುವ ನಮ್ಮವರಿಗೆ 6.5 ಅಡಿಯಿಂದ 7 ಅಡಿ, ಅಂದರೆ ಎರಡು ಮೀಟರಿನ ಆಸುಪಾಸು, ಹೆಚ್ಚು ಹೊಂದುತ್ತದೆ. ರಾಡು ಕೊಳ್ಳುವಾಗ ಕಪ್ಪೆಯ ತೂಕವನ್ನೂ ನೋಡಿಕೊಳ್ಳಿ. ಬ್ಯಾಸ್‌ಗಾಗಿ ಮಾಡಿದ ಕಪ್ಪೆಗಳು ಸಾಮಾನ್ಯವಾಗಿ 14ರಿಂದ 20 ಗ್ರಾಂ ಇದ್ದರೆ, ಏಷ್ಯಾದಲ್ಲಿ ಕೊರವ ಮೀನಿಗೆಂದು ಮಾಡಿದ ಪುಟ್ಟ ಕಪ್ಪೆಗಳು 6ರಿಂದ 12 ಗ್ರಾಂ ಇರುತ್ತವೆ. ಇವಕ್ಕೆ 14 ಗ್ರಾಂನಿಂದ ಶುರುವಾಗುವ ಹೆವಿ ರಾಡು ಒಗ್ಗುವುದಿಲ್ಲ, 5ರಿಂದ 18 ಅಥವಾ 7ರಿಂದ 21 ಗ್ರಾಂ ಮಿತಿಯ ಮೀಡಿಯಂ ಹೆವಿ ಬೇಕು.

ರೀಲ್ 7:1 ಅಥವಾ ಅದಕ್ಕಿಂತ ಹೆಚ್ಚು. ಕಪ್ಪೆಯನ್ನು ಕುಣಿಸುವುದು ಸಡಿಲ ದಾರದಲ್ಲಿ, ಮೀನು ಎರಗುವುದೂ ಆಗಲೇ. ಆ ಸಡಿಲವನ್ನು ಕ್ಷಣಾರ್ಧದಲ್ಲಿ ಬಾಚಿಕೊಂಡು, ಮೀನು ಕಳೆಯ ಬುಡಕ್ಕೆ ನುಗ್ಗುವ ಮೊದಲೇ ಎಳೆದುಕೊಳ್ಳಬೇಕು. ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಜಾರುವ ಮಟ್ಟವನ್ನು ನಿಗದಿ ಮಾಡುವ ನಕ್ಷತ್ರಾಕಾರದ ಚಕ್ರವನ್ನು, ತೆರೆದ ನೀರಿನಲ್ಲಿ ದಾರದ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟಕ್ಕೆ ಇಡುವುದು ವಾಡಿಕೆ. ಕಳೆಯ ನಡುವೆ ಮಾತ್ರ ಅದನ್ನು ಹೆಚ್ಚುಕಡಿಮೆ ಪೂರ್ತಿ ಬಿಗಿಯುತ್ತಾರೆ. ನೀರು ಸಿಡಿದ ಸದ್ದಿಗೆ ಬೆಚ್ಚಿ ತಕ್ಷಣ ಸೆಳೆದರೆ ಕಪ್ಪೆ ಬರಿಗೈಯಲ್ಲಿ ಹಿಂದಕ್ಕೆ ಬರುತ್ತದೆ. ಒಂದು ಕ್ಷಣ ತಡೆದು, ದಾರದಲ್ಲಿ ಭಾರ ತಿಳಿದ ಮೇಲೆ ಸೆಳೆಯಬೇಕು.

ಇಲ್ಲೊಂದು ಮಾತು ಹೇಳಲೇಬೇಕು. ಕೊರವ ಮೀನು ತನ್ನ ಮರಿಗಳ ಗುಂಪನ್ನು ಕಾಯುತ್ತದೆ. ನೀರಿನ ಮೇಲೆ ಮರಿಗಳು ಗುಳುಗುಳು ಎನ್ನುವ ಜಾಗಕ್ಕೆ ಕಪ್ಪೆ ಎಸೆದರೆ ತಾಯಿಯೋ ತಂದೆಯೋ ಸಿಟ್ಟಿನಿಂದ ಕಚ್ಚುವುದು ಖಚಿತ. ಅದನ್ನು ಹಿಡಿದರೆ ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ. ಅಂಥ ಕಡೆ ಎಸೆಯದಿರುವುದು ಕೆರೆಗೂ ಹಿಡಿಯುವವರಿಗೂ ಒಳ್ಳೆಯದು.

ಕ್ರ್ಯಾಂಕ್‌ಬೇಟ್: ಎಲ್ಲವೂ ತಿರುಗುಮುರುಗು

ಕ್ರ್ಯಾಂಕ್‌ಬೇಟ್ ಎಂದರೆ ಮೂತಿಯಲ್ಲಿ ಪ್ಲಾಸ್ಟಿಕ್ ತುಟಿ ಇರುವ, ಎಳೆದಂತೆ ನಡುಗುತ್ತ ಆಳಕ್ಕೆ ಇಳಿಯುವ ಮೀನಿನಾಕಾರದ ಲೂರ್. ಇದಕ್ಕೆ ಮೂರು ಮುಳ್ಳಿನ ಸಣ್ಣ, ತೆಳು ಕೊಕ್ಕೆಗಳಿರುತ್ತವೆ. ಇವು ಚರ್ಮಕ್ಕೆ ತಾಗಿದರೆ ಸಾಕು, ನಾಟುತ್ತವೆ. ಆದರೆ ಹಿಡಿತ ಆಳವಿರುವುದಿಲ್ಲ. ಕಪ್ಪೆಗೆಂದು ಕೊಂಡ ಗಡುಸು ರಾಡು ಮತ್ತು ಹಿಗ್ಗದ ದಾರದಿಂದ ಇದನ್ನು ಎಳೆದರೆ, ಮೀನು ತಲೆ ಕೊಡವಿದ ಮೊದಲ ಸಲಕ್ಕೇ ಕೊಕ್ಕೆ ಹರಿದುಕೊಂಡು ಬರುತ್ತದೆ. ಇಲ್ಲಿ ಬೇಕಾದದ್ದು ನಡುವಿನವರೆಗೂ ಬಾಗುವ ಮಾಡರೇಟ್ ರಾಡು. ಇಂಗಾಲದ ನಾರಿನ ಜತೆ ಗಾಜಿನ ನಾರು ಬೆರೆಸಿದ ರಾಡುಗಳು ಈ ಕಾರಣಕ್ಕೆ ಇಂದಿಗೂ ಬೇಡಿಕೆ ಉಳಿಸಿಕೊಂಡಿವೆ. ಮೀನು ಲೂರನ್ನು ಬಾಯಿಗೆ ಎಳೆದುಕೊಳ್ಳುವ ಕ್ಷಣದಲ್ಲಿ ಅವು ತುಸು ಬಾಗಿ ಆಸ್ಪದ ಕೊಡುತ್ತವೆ.

ಆಳಕ್ಕೆ ಇಳಿಯುವ ದೊಡ್ಡ ತುಟಿಯ ಕ್ರ್ಯಾಂಕ್‌ಬೇಟಿಗೆ 5:1 ಆಸುಪಾಸಿನ ರೀಲ್ ಬೇಕು. ಎರಡು ಮೀಟರಿಗಿಂತ ಕಡಿಮೆ ಆಳದವುಗಳಿಗೆ 6.3:1 ಸಾಕು. ದಾರ 10ರಿಂದ 14 ಪೌಂಡಿನ ಫ್ಲೋರೋಕಾರ್ಬನ್ ಅಥವಾ ನೈಲಾನ್. ದಾರ ದಪ್ಪವಾದಷ್ಟೂ ನೀರಿನ ತಡೆ ಹೆಚ್ಚಿ ಲೂರ್ ಇಳಿಯುವ ಆಳ ಕಡಿಮೆಯಾಗುತ್ತದೆ. ಫ್ಲೋರೋಕಾರ್ಬನ್ ನೀರಿನಲ್ಲಿ ಮುಳುಗುವುದರಿಂದ ಆಳ ತಲುಪಲು ನೆರವಾಗುತ್ತದೆ.

ಉಳಿದ ಕೆಲವು ಲೂರ್‌ಗಳು

ಸ್ಪಿನ್ನರ್‌ಬೇಟ್, ಚಾಟರ್‌ಬೇಟ್‌ಗಳಿಗೆ ಒಂಟಿ ದೊಡ್ಡ ಕೊಕ್ಕೆ, ನೀರನ್ನು ಕಡೆಯುವ ತಗಡು ಇರುತ್ತವೆ. ಇವನ್ನು ಸಮವೇಗದಲ್ಲಿ ಎಳೆಯಬೇಕಾದ್ದರಿಂದ 6.3:1ರಿಂದ 7:1 ರೀಲ್, ಮಾಡರೇಟ್ ಫಾಸ್ಟ್ ಮೀಡಿಯಂ ಹೆವಿ ರಾಡು ಸೂಕ್ತ.

ತಳದಲ್ಲಿ ಕುಪ್ಪಳಿಸುತ್ತ ಬರುವ ಜಿಗ್, ಕೊಕ್ಕೆಯ ಮೊನೆಯನ್ನು ಮೃದು ಪ್ಲಾಸ್ಟಿಕ್ ಹುಳುವಿನೊಳಗೆ ಅಡಗಿಸುವ ಟೆಕ್ಸಾಸ್ ರಿಗ್ ಇವೆರಡರಲ್ಲೂ ಕಚ್ಚಿದ್ದು ಕೈಗೆ ತಿಳಿಯುವುದು ಅತಿ ಸೂಕ್ಷ್ಮವಾದ ಮಿಡಿತದಿಂದ. ಪೂರ್ತಿ ಇಂಗಾಲದ ನಾರಿನ ಫಾಸ್ಟ್ ರಾಡು ಆ ಮಿಡಿತವನ್ನು ಅಂಗೈಗೆ ತಲುಪಿಸುತ್ತದೆ. ರೀಲ್ 7:1ರ ಮೇಲೆ.

ನೀರಿನ ಮೇಲೆ ಅಡ್ಡಾಡುವ ಪಾಪರ್, ಪೆನ್ಸಿಲ್ ಲೂರ್‌ಗಳಿಗೆ ಮೀಡಿಯಂ ರಾಡು ಸಾಕು. ಆದರೆ ಫ್ಲೋರೋಕಾರ್ಬನ್ ಬೇಡ, ಅದು ಮುಳುಗುತ್ತ ಲೂರಿನ ಮೂತಿಯನ್ನೂ ಕೆಳಗೆಳೆಯುತ್ತದೆ. ರಾಡಿನ ತುದಿಯನ್ನು ಕೆಳಗೆ ಹಿಡಿದು ಮಿಡಿಯಬೇಕಾದ್ದರಿಂದ, ನೀರಿಗೆ ಬಡಿಯದ ಹಾಗೆ 6.5 ಅಡಿಯ ರಾಡು ಅನುಕೂಲ. ತಡೆತಡೆದು ಎಳೆದು ಆಡಿಸುವ ಮೀನಿನಾಕಾರದ ಜರ್ಕ್‌ಬೇಟಿಗೂ ಇದೇ ಉದ್ದ ಸರಿ, ದಾರ ಮಾತ್ರ ಫ್ಲೋರೋಕಾರ್ಬನ್ ಆಗಬಹುದು.

ನದಿ ಮತ್ತು ಸಮುದ್ರ

ಅಂಗೈಯೊಳಗೆ ಅಡಗುವ ಚಪ್ಪಟೆ ರೀಲ್‌ಗಳಲ್ಲದೆ ದುಂಡನೆಯ ದೊಡ್ಡ ರೀಲ್‌ಗಳೂ ಇವೆ. ಇವು ಹೆಚ್ಚು ದಾರ ಹಿಡಿಸುವ, ಗಟ್ಟಿ ಚೌಕಟ್ಟಿನ ಸಾಧನಗಳು. 60 ಗ್ರಾಂಗಿಂತ ಭಾರದ, ಈಜುವ ಮೀನಿನಂತೆ ಕಾಣುವ ಸ್ವಿಮ್‌ಬೇಟ್‌ಗಳಿಗೆ, ದೂರ ಓಡುವ ಮೀನುಗಳಿಗೆ ಬೇಕಾಗುವುದು ಇವೇ. ಕಾವೇರಿಯಲ್ಲಿ ರಾಗಿಹಿಟ್ಟಿನ ಮುದ್ದೆಯನ್ನು ಕೊಕ್ಕೆಗೆ ಮೆತ್ತಿ ಮಹಸೀರ್ ಹಿಡಿದು ಬಿಡುತ್ತಿದ್ದ ದಿನಗಳಲ್ಲಿ ಬಳಕೆಯಲ್ಲಿದ್ದದ್ದು ಇಂಥ ತಿರುಗುವ ಸ್ಪೂಲಿನ ರೀಲ್‌ಗಳೇ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗನ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮಹಸೀರ್ ಹಿಡಿದ ದಾಖಲೆಯಿದೆ. ಆ ಗಾತ್ರದ ಮೀನು ಸೆಳವಿನ ಕಡೆಗೆ ಓಡಿದರೆ ನೂರಾರು ಮೀಟರ್ ದಾರ ಬೇಕಾಗುತ್ತದೆ. ಕಾವೇರಿಯ ಆ ಡುಬ್ಬದ ಮಹಸೀರ್ ಈಗ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ, ವನ್ಯಜೀವಿಧಾಮದೊಳಗೆ ಗಾಳ ಹಾಕುವುದಕ್ಕೆ ಅವಕಾಶವೂ ಇಲ್ಲ. ಬೇರೆ ಜಲಾಶಯಗಳಲ್ಲಿ ಗಾಳ ಹಾಕುವ ಮುನ್ನವೂ ಮೀನುಗಾರಿಕೆ ಇಲಾಖೆಯ ಅನುಮತಿಯನ್ನು ವಿಚಾರಿಸಿಕೊಳ್ಳಬೇಕು.

ಕರಾವಳಿಯ ಅಳಿವೆಗಳಲ್ಲಿ ಬರಾಮುಂಡಿ ಹಿಡಿಯಹೊರಟವರು 20–30 ಗ್ರಾಂ ಲೂರ್ ಎಸೆಯಬಲ್ಲ ಮೀಡಿಯಂ ಹೆವಿ ರಾಡನ್ನೂ, ಉಪ್ಪುನೀರಿಗೆ ಹೊಂದುತ್ತದೆ ಎಂದು ತಯಾರಕರೇ ನಮೂದಿಸಿರುವ ರೀಲನ್ನೂ ಆರಿಸಬೇಕು. ಮನೆಗೆ ಬಂದ ಕೂಡಲೇ ಡ್ರ್ಯಾಗನ್ನು ಬಿಗಿ ಮಾಡಿ ಸಿಹಿನೀರನ್ನು ಮೆಲ್ಲಗೆ ಹರಿಸಿ ತೊಳೆದು, ನೆರಳಲ್ಲಿ ಒಣಗಿಸಿ, ಆಮೇಲೆ ಡ್ರ್ಯಾಗನ್ನು ಸಡಿಲಿಸಿಡಬೇಕು. ರಭಸದ ಧಾರೆ ಉಪ್ಪನ್ನು ಬೇರಿಂಗಿನ ಒಳಕ್ಕೆ ತಳ್ಳುತ್ತದೆ.

ಒಂದೇ ಒಂದು ಜೋಡಿ ಕೊಳ್ಳುವವರಿಗೆ

ಎಲ್ಲಕ್ಕೂ ಬೇರೆ ಬೇರೆ ರಾಡು ಕೊಳ್ಳುವುದು ಎಲ್ಲರಿಗೂ ಸಾಧ್ಯವಿಲ್ಲ. ಕೆರೆಯ ಮೀನುಗಾರಿಕೆಗೆ ಒಂದೇ ಜೋಡಿ ಬೇಕೆಂದರೆ 6.5ರಿಂದ 7 ಅಡಿ ಉದ್ದದ, 7–21 ಗ್ರಾಂ ಮಿತಿಯ, ಮೀಡಿಯಂ ಹೆವಿ ಫಾಸ್ಟ್ ರಾಡು ಮತ್ತು 7:1 ಸುಮಾರಿನ ರೀಲನ್ನು ನಾನು ಸೂಚಿಸುತ್ತೇನೆ. ವೇಗದ ರೀಲನ್ನು ಕೈಯಿಂದ ನಿಧಾನವಾಗಿ ತಿರುಗಿಸಬಹುದು, ನಿಧಾನದ ರೀಲನ್ನು ಬೇಕಾದಷ್ಟು ವೇಗವಾಗಿ ತಿರುಗಿಸುವುದು ಕಷ್ಟ. ಬೇರಿಂಗ್‌ಗಳ ಸಂಖ್ಯೆಗೆ ಮಾರುಹೋಗಬೇಡಿ. ಸ್ಪೂಲಿನ ಎರಡು ತುದಿಯ ಬೇರಿಂಗ್ ಚೆನ್ನಾಗಿದ್ದರೆ ಎಸೆತ ಚೆನ್ನಾಗಿರುತ್ತದೆ. ಹದಿನೆಂಟು ಕಳಪೆ ಬೇರಿಂಗ್‌ಗಳಿಗಿಂತ ಐದು ಒಳ್ಳೆಯವು ಮೇಲು.

ಸ್ಪಿನ್ನಿಂಗ್ ರೀಲಿನ ಹಿಡಿಯನ್ನು ಎಡದಿಂದ ಬಲಕ್ಕೆ ಬದಲಿಸಬಹುದು, ಬೇಟ್‌ಕಾಸ್ಟಿಂಗ್ ರೀಲಿನದನ್ನು ಬದಲಿಸಲಾಗದು. ಎಡಗೈ ಮಾದರಿಯೋ ಬಲಗೈ ಮಾದರಿಯೋ ಎಂಬುದನ್ನು ಕೊಳ್ಳುವಾಗಲೇ ನಿರ್ಧರಿಸಬೇಕು. ಬಲಗೈಯಲ್ಲಿ ಎಸೆದು, ರಾಡನ್ನು ಕೈ ಬದಲಿಸದೆ ಎಡಗೈಯಲ್ಲಿ ಸುತ್ತುವವರಿಗೆ ಎಡಬದಿಗೆ ಹಿಡಿಯಿರುವ ರೀಲ್ ಬೇಕು.

ಹೊಸ ರೀಲಿಗೆ ಬ್ರೇಡ್ ಸುತ್ತುವಾಗ ಅದನ್ನು ನೇರವಾಗಿ ಲೋಹದ ಸ್ಪೂಲಿಗೆ ಕಟ್ಟಿದರೆ ಇಡೀ ದಾರದ ಸುರುಳಿಯೇ ಸ್ಪೂಲಿನ ಮೇಲೆ ಜಾರುತ್ತದೆ, ಡ್ರ್ಯಾಗ್ ಕೆಟ್ಟಿದೆಯೆಂದು ಅನಿಸುತ್ತದೆ. ಮೊದಲು ಹತ್ತು ಹದಿನೈದು ಮೀಟರ್ ನೈಲಾನ್ ದಾರ ಸುತ್ತಿ, ಅದರ ತುದಿಗೆ ಬ್ರೇಡನ್ನು ಗಂಟು ಹಾಕಿ, ಒದ್ದೆ ಬಟ್ಟೆಯ ನಡುವೆ ಬಿಗಿಯಾಗಿ ಹಿಡಿದು ಸುತ್ತಬೇಕು. ಸಡಿಲವಾಗಿ ಸುತ್ತಿದರೆ ಮೀನು ಎಳೆದಾಗ ಮೇಲಿನ ಸುತ್ತುಗಳು ಕೆಳಗಿನ ಸುತ್ತುಗಳೊಳಗೆ ಹೂತುಕೊಂಡು, ಮುಂದಿನ ಎಸೆತಕ್ಕೆ ಅಲ್ಲೇ ಕಚ್ಚಿ ನಿಲ್ಲುತ್ತವೆ. ಸ್ಪೂಲಿನ ಅಂಚಿಗಿಂತ ಎರಡು ಮೂರು ಮಿಲಿಮೀಟರ್ ಕೆಳಗೆ ಬಂದಾಗ ಸುತ್ತುವುದನ್ನು ನಿಲ್ಲಿಸಿ.